ಮನೆಮಂದಿಯ ಫೋಮ್ ಡಾರ್ಟ್ ಕಾಳಗ: ಬ್ಲಾಸ್ಟರ್ ಆರಿಸುವ ಬಗೆ

ಬ್ಲಾಸ್ಟರ್ ಎಂದರೆ ಡಾರ್ಟ್ ಎಂಬ ಮೆತ್ತನೆಯ ಫೋಮ್ ಕಡ್ಡಿ ಹಾರಿಸುವ ಆಟಿಕೆ ಬಂದೂಕು. ಅದರ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಸಂಗತಿ ಬರೆದಿರುತ್ತಾರೆ: ಡಾರ್ಟ್ ಎಷ್ಟು ದೂರ ಹೋಗುತ್ತದೆ, ಒಮ್ಮೆಗೆ ಎಷ್ಟು ಡಾರ್ಟ್ ಹಿಡಿಯುತ್ತದೆ, ಮೋಟಾರ್ ಇದೆಯೋ ಇಲ್ಲವೋ. ಮನೆಮಂದಿ ಸೇರಿ ಆಡುವ ಆಟಕ್ಕೆ ಇವುಗಳಲ್ಲಿ ಒಂದೂ ಮೊದಲು ನೋಡಬೇಕಾದದ್ದಲ್ಲ. ಮೊದಲು ನೋಡಬೇಕಾದದ್ದು ಡಾರ್ಟಿನ ಅಳತೆ. ಆಮೇಲೆ ಆಡುವ ಜಾಗದ ಉದ್ದ. ಅದಾದ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಕೈ ಯಾರದೋ ಆ ಕೈಗೆ ಸ್ಪ್ರಿಂಗ್ ಎಳೆಯಲು ಬರುತ್ತದೆಯೇ ಎಂಬುದು. ಈ ಕ್ರಮ ಬಿಟ್ಟು ಚಿತ್ರ ನೋಡಿ ನಾಲ್ಕು ಬಗೆಯ ನಾಲ್ಕು ಬ್ಲಾಸ್ಟರ್ ತಂದರೆ ಒಬ್ಬರ ಡಾರ್ಟ್ ಇನ್ನೊಬ್ಬರದರಲ್ಲಿ ಕೂರುವುದಿಲ್ಲ, ಆರು ವರ್ಷದ ಮಗು ಪ್ರತಿ ಸಲವೂ "ಅಪ್ಪಾ, ಎಳೆದುಕೊಡು" ಎಂದು ಓಡಿ ಬರುತ್ತದೆ, ಎರಡನೇ ವಾರಕ್ಕೆ ಎಲ್ಲವೂ ಅಟ್ಟ ಸೇರುತ್ತವೆ.

ಮೊದಲು ಡಾರ್ಟ್

ಇಡೀ ಮನೆಗೆ ಒಂದೇ ಅಳತೆಯ ಡಾರ್ಟ್. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆಟ ನಡೆಯುವಾಗ ನೆಲದ ಮೇಲೆ ಬಿದ್ದ ಡಾರ್ಟನ್ನು ಯಾರು ಬೇಕಾದರೂ ಹೆಕ್ಕಿ ತುಂಬಿಕೊಳ್ಳುವಂತಿರಬೇಕು. ಅದಾಗದಿದ್ದರೆ ಅರ್ಧ ಸಮಯ "ಇದು ನಂದು, ಅದು ನಿಂದು" ಎನ್ನುವುದರಲ್ಲೇ ಹೋಗುತ್ತದೆ.

ಹೆಚ್ಚು ಕಡೆ ಸಿಗುವುದು, ಅಗ್ಗವಾಗಿ ಸಿಗುವುದು, ಬೇರೆ ಬೇರೆ ಕಂಪನಿಯ ಬ್ಲಾಸ್ಟರ್‌ಗಳಿಗೆ ಹೊಂದುವುದು ಎಲೀಟ್ ಅಳತೆಯ ಡಾರ್ಟ್. ಹ್ಯಾಸ್ಬ್ರೊ ಕಂಪನಿಯ ನರ್ಫ್ ಎಲೀಟ್ ಸಾಲು 2012ರಲ್ಲಿ ಬಂದ ಮೇಲೆ ಈ ಹೆಸರು ನಿಂತಿತು. ಉದ್ದ ಸುಮಾರು 72 ಮಿಲಿಮೀಟರ್, ದಪ್ಪ ಸುಮಾರು 13 ಮಿಲಿಮೀಟರ್, ತೂಕ ಹೆಚ್ಚು ಕಡಿಮೆ 1 ಗ್ರಾಂ. ಝುರು ಕಂಪನಿಯ ಎಕ್ಸ್-ಶಾಟ್ ಬ್ಲಾಸ್ಟರ್‌ಗಳಲ್ಲಿ ಡಾರ್ಟ್ ಹಾರಿಸುವ ಹೆಚ್ಚಿನವು ಇದೇ ಅಳತೆಯವು. ಆನ್‌ಲೈನ್‌ನಲ್ಲಿ ನೂರರ ಲೆಕ್ಕದಲ್ಲಿ ಪೊಟ್ಟಣ ಕಟ್ಟಿ ಮಾರುವ ಹೆಸರಿಲ್ಲದ ಡಾರ್ಟ್‌ಗಳೂ ಇದೇ ಅಳತೆಯವು.

ನರ್ಫ್ ಹೆಸರಿದ್ದರೆ ಸಾಕು, ಎಲ್ಲವೂ ಒಂದಕ್ಕೊಂದು ಹೊಂದುತ್ತವೆ ಎಂದುಕೊಂಡು ಮೋಸ ಹೋಗುವವರು ಬಹಳ. ಒಂದೇ ಕಂಪನಿ ಹಲವು ಅಳತೆ ಹೊರತಂದಿದೆ. 2013ರ ಮೆಗಾ ಡಾರ್ಟ್ ದಪ್ಪಗಿರುತ್ತದೆ, ಎಲೀಟ್ ನಳಿಕೆಗೆ ಹೋಗುವುದೇ ಇಲ್ಲ. 2019ರ ಅಲ್ಟ್ರಾ ಬ್ಲಾಸ್ಟರ್‌ಗಳಿಗೆ ಅಲ್ಟ್ರಾ ಡಾರ್ಟ್ ಮಾತ್ರ. 2015ರ ರೈವಲ್ ಮತ್ತು 2021ರ ಹೈಪರ್ ಡಾರ್ಟ್ ಹಾರಿಸುವುದಿಲ್ಲ, ಉಂಡೆ ಹಾರಿಸುತ್ತವೆ. ಆ ಎರಡರ ಉಂಡೆಗಳೂ ಬೇರೆ ಬೇರೆ ಗಾತ್ರದವು. 2024ರಲ್ಲಿ ಬಂದ ಎನ್ ಸೀರೀಸ್‌ಗೆ ಎನ್1 ಎಂಬ ಹೊಸ ಡಾರ್ಟ್. ಅದರಲ್ಲಿ ಹಳೆಯ ಎಲೀಟ್ ಡಾರ್ಟ್ ನಡೆಯುವುದಿಲ್ಲ, ಎಲೀಟ್ ಬ್ಲಾಸ್ಟರಿನಲ್ಲಿ ಎನ್1 ನಡೆಯುವುದಿಲ್ಲ. ಮನೆಯಲ್ಲಿ ಈಗಾಗಲೇ ನೂರು ಎಲೀಟ್ ಡಾರ್ಟ್ ಇದ್ದು, ಹುಟ್ಟುಹಬ್ಬಕ್ಕೆ ಯಾರೋ ಎನ್ ಸೀರೀಸ್ ತಂದುಕೊಟ್ಟರೆ ಆ ನೂರು ಡಾರ್ಟ್ ಅದಕ್ಕೆ ದಂಡ. ಉಡುಗೊರೆ ಕೊಡುವ ನೆಂಟರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದಿದೆ, ಅರ್ಧ ಉದ್ದದ ಡಾರ್ಟ್. ದಪ್ಪ ಎಲೀಟಿನಷ್ಟೇ, ಉದ್ದ ಮಾತ್ರ 36-37 ಮಿಲಿಮೀಟರ್. ಹವ್ಯಾಸಿಗಳು ಇದನ್ನೇ ಇಷ್ಟಪಡುತ್ತಾರೆ, ನೇರವಾಗಿ ಹೋಗುತ್ತದೆ. ಆದರೆ ಅದನ್ನು ಹಾರಿಸುವ ಬ್ಲಾಸ್ಟರ್‌ಗಳು ಬಹುಮಟ್ಟಿಗೆ 14 ವರ್ಷ ದಾಟಿದವರಿಗೆಂದೇ ಮಾಡಿದ ಜೋರಿನವು. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಅಳತೆ ಗೊತ್ತಾಯಿತು, ಇನ್ನು ತುದಿ. ಎಲೀಟ್ ಅಳತೆಯಲ್ಲೇ ತುದಿಗಳು ಬಗೆಬಗೆ. ನುಣುಪಾದ ಗುಂಡು ತುದಿ, ಸುರುಳಿ ಗೀರಿನ ಆಕ್ಯುಸ್ಟ್ರೈಕ್ ತುದಿ, ಚೌಕಳಿ ಗುಳಿಗಳಿರುವ ವಾಫಲ್ ತುದಿ, ಗೋಡೆಗೆ ಅಂಟುವ ಸಕ್ಷನ್ ತುದಿ. ಸಕ್ಷನ್ ತುದಿಯವು ಚಿಕ್ಕ ಮಕ್ಕಳಿಗೆ ಖುಷಿ ಕೊಡುತ್ತವೆ ನಿಜ, ಆದರೆ ಅದರ ಅಗಲ ಅಂಚು ಮ್ಯಾಗಜಿನ್ (ಡಾರ್ಟ್ ತುಂಬಿ ಬ್ಲಾಸ್ಟರಿಗೆ ಸಿಕ್ಕಿಸುವ ಡಬ್ಬಿ) ಒಳಗೆ ಸಿಕ್ಕಿಬೀಳುತ್ತದೆ. ಮುಂದಿನಿಂದ ತುಂಬುವ ಬ್ಲಾಸ್ಟರಿಗೆ ಮಾತ್ರ ಅವನ್ನು ಇಟ್ಟುಕೊಳ್ಳಿ. ವಾಫಲ್ ತುದಿ ಮೆತ್ತಗಿರುತ್ತದೆ, ಓಲಾಡದೆ ಹೋಗುತ್ತದೆ. ಒಂದೇ ಬಗೆ ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಅಗ್ಗದ ಪೊಟ್ಟಣ ಬಿಚ್ಚಿದ ಕೂಡಲೇ ಉಗುರಿನಿಂದ ತುದಿಯನ್ನು ಒತ್ತಿ ನೋಡಬೇಕು. ತುದಿ ಒಳಕ್ಕೆ ತಗ್ಗಿ ಮತ್ತೆ ಎದ್ದರೆ ಸರಿ. ಉಗುರಿಗೆ ಬಗ್ಗದ ಗಟ್ಟಿ ಪ್ಲಾಸ್ಟಿಕ್ ಆಗಿದ್ದರೆ ಇಡೀ ಪೊಟ್ಟಣವನ್ನು ವಾಪಸ್ ಮಾಡಿ. ಆಮೇಲೆ ಹತ್ತಿಪ್ಪತ್ತನ್ನು ಕೈಯಲ್ಲಿ ಹಿಡಿದು ತುದಿ ಜಗ್ಗಿ ನೋಡಿ. ಅಂಟು ಸರಿಯಿಲ್ಲದ್ದು ಆಗಲೇ ಕಿತ್ತು ಬರುತ್ತದೆ. ಕಿತ್ತು ಬಂದ ತುದಿ ಬಟಾಣಿ ಗಾತ್ರದ್ದು, ಮೂರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ಅದು ಗಂಟಲಿಗೆ ಸಿಕ್ಕುವ ವಸ್ತು.

ಬಣ್ಣವನ್ನೂ ಆರಿಸಿಕೊಳ್ಳಿ. ಕೆಂಪು ಗಾರೆ ನೆಲದ ಮೇಲೆ ಕಿತ್ತಳೆ ಡಾರ್ಟ್ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ತಿಳಿ ಹಸಿರೋ ನೀಲಿಯೋ ಬೇಕು. ಕೆನೆ ಬಣ್ಣದ ಟೈಲ್ಸಿಗೆ ಯಾವ ಗಾಢ ಬಣ್ಣವಾದರೂ ನಡೆಯುತ್ತದೆ. ಗಿಡ, ಹುಲ್ಲು ಇರುವ ಕಡೆ ಹಸಿರು ತರಲೇಬೇಡಿ.

ತಲೆಗೆ 30 ಡಾರ್ಟ್ ಎಂದು ಲೆಕ್ಕ ಹಾಕಿ. ನಾಲ್ವರಿಗೆ 120. ಡಬ್ಬಿಯ ಜತೆ ಬರುವ ಹತ್ತು ಹನ್ನೆರಡರಿಂದ ಕಾಳಗ ಎರಡು ನಿಮಿಷ ನಡೆಯುವುದಿಲ್ಲ, ಆಮೇಲೆ ಎಲ್ಲರೂ ಸೋಫಾ ಕೆಳಗೆ ಬಗ್ಗಿ ಹುಡುಕುತ್ತಿರುತ್ತಾರೆ. ಒಟ್ಟು ದುಡ್ಡಿನಲ್ಲಿ ಕಾಲು ಭಾಗವನ್ನು ಡಾರ್ಟಿಗೂ ಕಣ್ಣು ಕಾಯುವ ಕನ್ನಡಕಕ್ಕೂ ಮೊದಲೇ ತೆಗೆದಿಟ್ಟು, ಉಳಿದದ್ದರಲ್ಲಿ ಬ್ಲಾಸ್ಟರ್ ನೋಡಿ.

ಜಾಗ ಅಳೆಯಿರಿ

ಟೇಪ್ ಹಿಡಿದು ಹಾಲಿನ ಉದ್ದ ಅಳೆಯಿರಿ. ಅಪಾರ್ಟ್‌ಮೆಂಟಿನ ಹಾಲು ಸಾಮಾನ್ಯವಾಗಿ 4ರಿಂದ 6 ಮೀಟರ್. ಹಾಲಿನಿಂದ ರೂಮಿನ ಬಾಗಿಲವರೆಗೆ ಹಿಡಿದರೆ 8 ಆಗಬಹುದು. ತಾರಸಿ ಇದ್ದರೆ 10-12.

ಈಗ ಡಬ್ಬಿಯ ಮೇಲಿನ "90 ಅಡಿ", ಅಂದರೆ 27 ಮೀಟರ್ ಎಂಬುದಕ್ಕೆ ಬನ್ನಿ. ಮಾಮೂಲಿ ಎಲೀಟ್ ದರ್ಜೆಯ ಬ್ಲಾಸ್ಟರಿನಿಂದ ಡಾರ್ಟ್ ಹೊರಡುವ ವೇಗ ಸೆಕೆಂಡಿಗೆ ಸುಮಾರು 70 ಅಡಿ, ಅಂದರೆ 21 ಮೀಟರ್. ಈ ವೇಗದಲ್ಲಿ ಅಡ್ಡಡ್ಡ ನೇರಕ್ಕೆ ಹೊಡೆದರೆ 4 ಮೀಟರ್ ಹೋಗುವಷ್ಟರಲ್ಲಿ ಡಾರ್ಟ್ ಒಂದು ಗೇಣಿನಷ್ಟು ಕೆಳಗಿಳಿದಿರುತ್ತದೆ, 10 ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರಿಗೂ ಹೆಚ್ಚು. ಇದು ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದೆ. ಒಂದು ಗ್ರಾಮಿನ ಫೋಮ್ ಗಾಳಿಗೆ ಬೇಗ ಸೋಲುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ. ಹಾಗಾದರೆ 27 ಮೀಟರ್ ಎಲ್ಲಿಂದ ಬಂತು? ಮೂತಿಯನ್ನು ಆಕಾಶದ ಕಡೆ ಎತ್ತಿ ಹೊಡೆದು, ಬಿದ್ದ ಜಾಗದವರೆಗೆ ಅಳೆದರೆ ಬರುತ್ತದೆ. ಗುರಿಯಿಟ್ಟು ಮನುಷ್ಯರಿಗೆ ತಾಗಿಸಬಹುದಾದ ದೂರ 8ರಿಂದ 10 ಮೀಟರ್, ಅಷ್ಟೇ. ಹಾಲಿಗೆ ಅದು ಬೇಕಾದಷ್ಟಾಯಿತು.

ಆದ್ದರಿಂದ ಒಳಗೆ ಆಡುವುದಾದರೆ ಎಲೀಟ್ ದರ್ಜೆಗಿಂತ ಮೇಲೆ ಹೋಗುವ ಕಾರಣವೇ ಇಲ್ಲ. ಸೆಕೆಂಡಿಗೆ 150 ಅಡಿ, ಅಂದರೆ 45 ಮೀಟರ್ ವೇಗದ "ಪ್ರೊ" ಬ್ಲಾಸ್ಟರ್‌ಗಳು ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ವೇಗ ಎರಡು ಪಟ್ಟು ಹೆಚ್ಚಾದರೆ ಪೆಟ್ಟೂ ಎರಡೇ ಪಟ್ಟು ಎಂದುಕೊಳ್ಳಬಾರದು. ಒಂದು ಗ್ರಾಂ ಡಾರ್ಟ್ 21 ಮೀಟರ್ ವೇಗದಲ್ಲಿ ಹೊತ್ತೊಯ್ಯುವ ಶಕ್ತಿ 0.22 ಜೂಲ್, 45 ಮೀಟರ್ ವೇಗದಲ್ಲಿ 1 ಜೂಲ್. ನಾಲ್ಕೂವರೆ ಪಟ್ಟು. ಮೂರು ಮೀಟರಿನಲ್ಲಿ ಬರಿ ತೋಳಿಗೆ ಬಿದ್ದರೆ ಕೆಂಪು ಗುರುತು ಬರುತ್ತದೆ, ಮಗು ಅಳುತ್ತದೆ, ಆಟ ಮುಗಿಯುತ್ತದೆ. ರೈವಲ್ ಸೆಕೆಂಡಿಗೆ 100 ಅಡಿ ಆಸುಪಾಸು. ಅದರ ಡಬ್ಬಿಯ ಮೇಲೂ 14+ ಎಂದೇ ಇದೆ.

ಒಳಗಿನ ಸ್ಪ್ರಿಂಗ್ ಬದಲಿಸಿ ಜೋರು ಮಾಡುವ ಕಿಟ್‌ಗಳೂ ಮಾರಾಟಕ್ಕಿವೆ. ಮನೆಮಂದಿಯ ಆಟದಲ್ಲಿ ಅವಕ್ಕೆ ಜಾಗವಿಲ್ಲ. ಮಕ್ಕಳಿಗೆ ಎಳೆಯಲಾಗದು, ಮೂಲ ಪ್ಲಾಸ್ಟಿಕ್ ಕೊಂಡಿ ಆ ಒತ್ತಡಕ್ಕೆ ಸವೆದು ಮುರಿಯುತ್ತದೆ, ಡಬ್ಬಿಯ ಮೇಲಿನ ವಯಸ್ಸಿನ ಸೂಚನೆಗೂ ಆಮೇಲೆ ಅರ್ಥವಿರುವುದಿಲ್ಲ.

ಕೈಗೆ ತಕ್ಕ ಬ್ಲಾಸ್ಟರ್

ಒಳಗಿನ ಕೆಲಸ ಎರಡು ಬಗೆ. ಒಂದು ಸ್ಪ್ರಿಂಗಿನದು. ಹಿಡಿಯನ್ನು ಹಿಂದಕ್ಕೆ ಎಳೆದಾಗ ಒಳಗಿನ ಪಿಸ್ಟನ್ ಸ್ಪ್ರಿಂಗನ್ನು ಅದುಮಿಕೊಂಡು ಹಿಂದೆ ಹೋಗಿ ಒಂದು ಕೊಂಡಿಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರ್ ಒತ್ತಿದರೆ ಕೊಂಡಿ ಬಿಡುತ್ತದೆ, ಪಿಸ್ಟನ್ ಮುಂದೆ ನುಗ್ಗುತ್ತದೆ, ಅದು ದೂಡಿದ ಗಾಳಿ ಡಾರ್ಟನ್ನು ಹೊರಗೆ ತಳ್ಳುತ್ತದೆ. ಸೆಲ್ ಬೇಡ, ಕೆಡುವುದು ಕಡಿಮೆ, ಆದರೆ ಪ್ರತಿ ಡಾರ್ಟಿಗೂ ಒಮ್ಮೆ ಎಳೆಯಬೇಕು. ಇನ್ನೊಂದು ಫ್ಲೈವೀಲಿನದು. ಎದುರುಬದುರು ತಿರುಗುವ ಎರಡು ಚಕ್ರಗಳ ನಡುವೆ ಡಾರ್ಟ್ ಸಿಕ್ಕಿ ಹೊರಗೆ ಎಸೆಯಲ್ಪಡುತ್ತದೆ. ಎಳೆಯುವ ಕೆಲಸವಿಲ್ಲ, ಸೆಲ್ ಬೇಕು, ಸದ್ದು ಮಾಡುತ್ತದೆ.

ಸ್ಪ್ರಿಂಗಿನ ಬ್ಲಾಸ್ಟರಿನಲ್ಲಿ ಎಳೆಯುವ ಹಿಡಿ ಎಲ್ಲಿದೆ ಎನ್ನುವುದೇ ದೊಡ್ಡ ವಿಷಯ. ಅದನ್ನು ಯಾರೂ ನೋಡುವುದಿಲ್ಲ.

ಹಿಂಬದಿಯಲ್ಲಿ ಉಂಗುರ ಅಥವಾ ಗುಬಟು ಇರುವ ಸಣ್ಣ ಪಿಸ್ತೂಲುಗಳಲ್ಲಿ ಇಡೀ ಬಲ ಎರಡು ಮೂರು ಬೆರಳಿನ ಮೇಲೆ ಬೀಳುತ್ತದೆ. ಬ್ಲಾಸ್ಟರ್ ಚಿಕ್ಕದಾಗಿ ಕಾಣುವುದರಿಂದ ಚಿಕ್ಕವರಿಗೆ ಸರಿ ಎಂದು ಕೊಂಡುಬಿಡುತ್ತಾರೆ, ಆದರೆ ಎಳೆಯಲು ಅದೇ ಕಷ್ಟ. ಮೇಲ್ಭಾಗದಲ್ಲಿ ಜಾರುವ ಹಿಡಿ ಇರುವವು ಅದಕ್ಕಿಂತ ಮೇಲು, ಅಂಗೈಯಿಂದ ಹಿಡಿಯಬಹುದು. ಮುಂದಿನ ಹಿಡಿಯನ್ನು ಹಿಂದೆ ಮುಂದೆ ಆಡಿಸುವ ಪಂಪ್ ಬಗೆಯದು ಆರೇಳು ವರ್ಷದವರಿಗೆ ಎಲ್ಲಕ್ಕಿಂತ ಸುಲಭ. ಎರಡೂ ತೋಳಿನ, ಭುಜದ ಬಲ ಬರುತ್ತದೆ, ಬೇಕಾದರೆ ಹಿಂಬದಿಯನ್ನು ಹೊಟ್ಟೆಗೆ ಒತ್ತಿಕೊಂಡೂ ಎಳೆಯಬಹುದು. ಬಲಗಡೆ ಮಾತ್ರ ಬೋಲ್ಟ್, ಅಂದರೆ ಎಳೆಯುವ ಗುಬಟು, ಇರುವುದು ಎಡಗೈ ಮಕ್ಕಳಿಗೆ ಕಿರಿಕಿರಿ.

ಅಂಗಡಿಯಲ್ಲಿ ಮಾದರಿ ಇಟ್ಟಿದ್ದರೆ ಮಗುವಿನ ಕೈಗೆ ಕೊಟ್ಟು ಹತ್ತು ಸಲ ಬಿಡದೆ ಎಳೆಯಲು ಹೇಳಿ. ಒಂದು ಸಲ ಎಲ್ಲರೂ ಎಳೆಯುತ್ತಾರೆ. ಏಳನೆಯದಕ್ಕೋ ಎಂಟನೆಯದಕ್ಕೋ ಮುಖ ಕಿವುಚಿದರೆ, ಅಥವಾ ಎಳೆಯುವಾಗ ಮೂತಿಯನ್ನು ಎದೆಯ ಕಡೆ ತಿರುಗಿಸಿಕೊಂಡರೆ ಅದು ಬೇಡ. ಎರಡನೆಯದು ಮುಖ್ಯ: ಬಲ ಸಾಲದ ಮಗು ತಿಳಿಯದೆ ಬ್ಲಾಸ್ಟರನ್ನು ತನ್ನ ಮುಖದ ಕಡೆಗೇ ತಿರುಗಿಸಿ ಎಳೆಯುತ್ತದೆ. ಆನ್‌ಲೈನ್ ಕೊಳ್ಳುವುದಾದರೆ ವಾಪಸಾತಿ ಇರುವಲ್ಲಿ ಒಂದೇ ಒಂದು ತರಿಸಿ, ಈ ಪರೀಕ್ಷೆ ಮಾಡಿ, ಆಮೇಲೆ ಉಳಿದದ್ದು ತರಿಸಿ.

ಗಂಟುನೋವಿರುವ ಅಜ್ಜ ಅಜ್ಜಿ ಆಟಕ್ಕೆ ಸೇರುವುದಾದರೆ ಅವರಿಗೆ ಫ್ಲೈವೀಲ್ ಕೊಡಿ. ಮನೆಯಲ್ಲಿ ಮೋಟಾರಿನ ಬ್ಲಾಸ್ಟರಿಗೆ ನಿಜವಾದ ಹಕ್ಕುದಾರರು ಅವರೇ. ಹತ್ತು ವರ್ಷದ ಹುಡುಗ ಅದನ್ನೇ ಕೇಳುತ್ತಾನೆ, ಕೊಡಬೇಡಿ. ಒತ್ತಿ ಹಿಡಿದರೆ ಸುರಿಸುತ್ತಲೇ ಇರುವ ಪೂರ್ತಿ ಆಟೋಮ್ಯಾಟಿಕ್ ಆಗಿದ್ದರಂತೂ ಖಂಡಿತ ಬೇಡ. ಸೆಕೆಂಡಿಗೆ ಮೂರು ಡಾರ್ಟ್ ಹೋದರೂ 18ರ ಮ್ಯಾಗಜಿನ್ ಆರು ಸೆಕೆಂಡಿಗೆ ಖಾಲಿ. ಅದನ್ನು ಮತ್ತೆ ತುಂಬಲು ಒಂದು ನಿಮಿಷ ಬೇಕು, ತುಂಬುವವರು ಯಾರು ಎಂದು ಹೇಳಬೇಕಾಗಿಲ್ಲ.

ತುಂಬುವ ಬಗೆ

ಮುಂದಿನಿಂದ ಒಂದೊಂದೇ ಡಾರ್ಟ್ ತುರುಕುವ ಬ್ಲಾಸ್ಟರ್‌ಗಳಿವೆ: ಒಂದೇ ಡಾರ್ಟಿನ ನರ್ಫ್ ಜೋಲ್ಟ್, ಮೂರು ನಳಿಕೆಯ ಟ್ರಿಯೊ, ಆರು ಡಾರ್ಟ್ ತಿರುಗುವ ಡ್ರಮ್ಮಿನ ಕಮಾಂಡರ್ ಆರ್‌ಡಿ-6. ಪ್ರತ್ಯೇಕ ಮ್ಯಾಗಜಿನ್ ಸಿಕ್ಕಿಸುವವು ಇನ್ನೊಂದು ಗುಂಪು, 10 ಡಾರ್ಟಿನ ಎಕೋ ಸಿಎಸ್-10 ಅಂಥದ್ದು.

ಮನೆಯಾಟಕ್ಕೆ ಆರು ಡಾರ್ಟಿನ ಡ್ರಮ್ ಹೇಳಿ ಮಾಡಿಸಿದಂತಿದೆ. ಎಷ್ಟು ಉಳಿದಿದೆ ಎಂದು ಮುಂದಿನಿಂದ ಕಾಣುತ್ತದೆ, ಎರಡು ಹೊಡೆದ ಮೇಲೆ ಎರಡು ತುಂಬಿಕೊಳ್ಳಬಹುದು, ಡಾರ್ಟ್ ಸೊಟ್ಟಗಾಗಿದ್ದರೂ ತಕರಾರಿಲ್ಲ, ಸಿಕ್ಕಿಕೊಂಡರೆ ಬೆರಳಿನಿಂದಲೇ ಎಳೆದು ತೆಗೆಯಬಹುದು. ಮ್ಯಾಗಜಿನ್ ಬ್ಲಾಸ್ಟರಿಗೆ ಡಾರ್ಟ್ ನೆಟ್ಟಗಿರಬೇಕು, ತುದಿ ಸರಿಯಿರಬೇಕು, ಎಳೆಯುವ ಕೈ ಅರ್ಧಕ್ಕೆ ನಿಲ್ಲಬಾರದು. ಹತ್ತು ವರ್ಷ ದಾಟಿದವರಿಗೆ ಅದು ಸರಿ. ಕೊಳ್ಳುವುದಾದರೆ ಹೆಚ್ಚುವರಿ ಮ್ಯಾಗಜಿನ್ ಬೇರೆಯಾಗಿ ಸಿಗುತ್ತದೆಯೇ ನೋಡಿ. ಸಿಗದಿದ್ದರೆ ಮ್ಯಾಗಜಿನ್ ಬದಲಿಸುವ ಅನುಕೂಲವೇ ಇಲ್ಲವಾಗುತ್ತದೆ.

ಕೆಲವು ಡ್ರಮ್ ಬ್ಲಾಸ್ಟರ್‌ಗಳಲ್ಲಿ ಸ್ಲ್ಯಾಮ್ ಫೈರ್ ಎಂಬ ಅನುಕೂಲ ಇದೆ. ನರ್ಫ್ ಡಿಸ್‌ರಪ್ಟರ್ ಅಂಥದ್ದು. ಟ್ರಿಗರ್ ಒತ್ತಿ ಹಿಡಿದುಕೊಂಡು ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಪ್ರತಿ ಸಲವೂ ಒಂದು ಡಾರ್ಟ್ ಹೋಗುತ್ತದೆ. ಮೋಟಾರ್ ಇಲ್ಲದೆ ಮೋಟಾರಿನ ಖುಷಿ, ಅದೂ ಆರಕ್ಕೆ ಮುಗಿಯುತ್ತದೆ. ಹತ್ತರ ಹುಡುಗನ ಹಟಕ್ಕೆ ಇದು ಒಳ್ಳೆಯ ರಾಜಿ.

ಬ್ಲಾಸ್ಟರಿನ ಹಿಂಬದಿಗೆ ಸಿಕ್ಕಿಸಿ ಭುಜಕ್ಕೆ ಒತ್ತಿಕೊಳ್ಳುವ ಕಟ್ಟು, ಮುಂದೆ ಜೋಡಿಸುವ ಉದ್ದನೆಯ ನಳಿಕೆ, ದುರ್ಬೀನಿನ ಆಕಾರದ ಪ್ಲಾಸ್ಟಿಕ್ಕು, ಇವೆಲ್ಲ ನೋಟಕ್ಕೆ. ಉದ್ದ ನಳಿಕೆ ಸೇರಿಸಿದರೆ ದೂರ ಹೋಗುವುದಿಲ್ಲ, ಡಾರ್ಟ್ ಒಳಗೆ ಉಜ್ಜಿದರೆ ಉಲ್ಟಾ ನಿಧಾನವಾಗುತ್ತದೆ. ಬಾಗಿಲ ಸಂದಿಯಲ್ಲಿ ತಿರುಗುವಾಗ ತಗಲುತ್ತದೆ ಬೇರೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

ನಾಲ್ವರ ಮನೆಗೆ ಒಂದು ಹಂಚಿಕೆ

ಆರು ವರ್ಷದವರಿಗೆ ಪಂಪ್ ಹಿಡಿಯ ಡ್ರಮ್ ಬ್ಲಾಸ್ಟರ್. ಹತ್ತರವರಿಗೆ ಮೇಲ್ಹಿಡಿಯ ಆರು ಡಾರ್ಟಿನದು, ಸ್ಲ್ಯಾಮ್ ಫೈರ್ ಇದ್ದರೆ ಸರಿ. ಅಮ್ಮನಿಗೂ ಅಂಥದ್ದೇ. ಅಪ್ಪನಿಗೆ, ಅಥವಾ ಮನೆಯಲ್ಲಿ ಯಾರ ಗುರಿ ಚೆನ್ನಾಗಿದೆಯೋ ಅವರಿಗೆ, ಒಂದೇ ಡಾರ್ಟಿನದು. ದೊಡ್ಡವರ ಕೈಯಲ್ಲಿ ದೊಡ್ಡ ಬ್ಲಾಸ್ಟರ್ ಕೊಟ್ಟರೆ ಮಕ್ಕಳು ಸೋಲುತ್ತಲೇ ಇರುತ್ತಾರೆ. ದೊಡ್ಡವರು ಬೇಕೆಂದೇ ಸೋತರೆ ಅದು ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ. ಒಂದೇ ಡಾರ್ಟ್ ಕೊಟ್ಟರೆ ದೊಡ್ಡವರೂ ಮನಸ್ಸಿಟ್ಟು ಆಡಬಹುದು, ತಪ್ಪಿದ ಮೇಲೆ ತುಂಬಿಕೊಳ್ಳುವ ಐದು ಸೆಕೆಂಡು ಮಕ್ಕಳಿಗೆ ಸಿಗುತ್ತದೆ.

ಕೊಳ್ಳುವಾಗ ಡಬ್ಬಿಯ ಮೇಲೆ ಏನು ನೋಡಬೇಕು

ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನವರ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲೆ ಐಎಸ್ 9873 ಅಥವಾ, ವಿದ್ಯುತ್ತಿನಿಂದ ನಡೆಯುವುದಾದರೆ, ಐಎಸ್ 15644 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆಯೂ ಇರುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಯಾವ ವಸ್ತುವಿಗಿದೆ ಎಂದು ಬರುತ್ತದೆ. ಬರದಿದ್ದರೆ ಅಲ್ಲಿಯೇ ಬಿಡಿ. 14+ ಎಂದಿರುವವು ಈ ನಿಯಮದ ಹೊರಗೆ ಉಳಿಯುತ್ತವೆ. ಎಂಟು ವರ್ಷದವರ ಕೈಗೆ ಅದನ್ನು ಕೊಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಅಮೆರಿಕದ ಅಂಗಡಿಯ ಬೆಲೆಗೂ ಇಲ್ಲಿನದಕ್ಕೂ ಇರುವ ಅಂತರ ನೋಡಿ ಬೇಸರವಾಗುವುದು ಸಹಜ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಲ್ಲಿರುವ ಅಣ್ಣನೋ ಅಕ್ಕನೋ ಬರುವಾಗ ತಂದುಕೊಡುತ್ತಾರೆಂದರೆ ಡಾರ್ಟಿನ ಅಳತೆ ಬರೆದು ಕಳಿಸಿ, ಡಾರ್ಟಿನ ಒಂದು ದೊಡ್ಡ ಪೊಟ್ಟಣವನ್ನೂ ಜತೆಗೆ ತರಿಸಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಇಡಲಿ. ಪಿಸ್ತೂಲಿನ ಆಕಾರದ ಯಾವುದೂ ಕೈಚೀಲದಲ್ಲಿ ಬೇಡ.

ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಸಿಗುವ ಕಪ್ಪು ಬಣ್ಣದ, ನಿಜವಾದದ್ದರಂತೆ ಕಾಣುವ, 6 ಮಿಲಿಮೀಟರ್ ಗಟ್ಟಿ ಪ್ಲಾಸ್ಟಿಕ್ ಗುಂಡಿನ ಬಂದೂಕು ಈ ಜಾತಿಯದ್ದೇ ಅಲ್ಲ. ಫೋಮ್ ಆಟದ ಜತೆ ಅದನ್ನು ಬೆರೆಸಲೇಬಾರದು. ನೀರಿನಲ್ಲಿ ಉಬ್ಬುವ ಜೆಲ್ ಮಣಿ ಹಾರಿಸುವವೂ ಚಿಕ್ಕ ಮಕ್ಕಳ ಮನೆಗೆ ಸಲ್ಲ. ಒಣ ಮಣಿ ಬಹಳ ಸಣ್ಣದು, ನುಂಗಿದರೆ ಹೊಟ್ಟೆಯೊಳಗೆ ನೀರು ಹೀರಿ ಉಬ್ಬಿ ಕರುಳಿಗೆ ಅಡ್ಡವಾಗುತ್ತದೆ. ಹೊಳೆವ ಕಿತ್ತಳೆ, ನೀಲಿ, ಹಸಿರು ಬಣ್ಣದ್ದನ್ನೇ ಕೊಳ್ಳಿ, ಕಪ್ಪು ಬಣ್ಣ ಬಳಿಯಬೇಡಿ. ರಸ್ತೆಯಲ್ಲಿ ಹೋಗುವವರಿಗೆ ದೂರದಿಂದಲೇ ಆಟಿಕೆ ಎಂದು ಕಾಣಬೇಕು.

ಕಣ್ಣು

ಮೆತ್ತಗಿನ ಡಾರ್ಟ್, ಏನಾಗುತ್ತದೆ ಎನ್ನುವವರಿಗೆ: 2017ರಲ್ಲಿ ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ವೈದ್ಯರು ಇಂಥ ಡಾರ್ಟ್ ತಗುಲಿ ಕಣ್ಣಿನೊಳಗೆ ರಕ್ತಸ್ರಾವವಾದ ಮೂರು ಪ್ರಕರಣಗಳನ್ನು ಪ್ರಕಟಿಸಿದರು. ಇಬ್ಬರು ದೊಡ್ಡವರು, ಒಬ್ಬ 11 ವರ್ಷದ ಹುಡುಗ. ಡಾರ್ಟಿನ ಅಗಲ ಕಣ್ಣಿನ ಗುಳಿಗಿಂತ ಚಿಕ್ಕದು. ದೊಡ್ಡ ಚೆಂಡಾದರೆ ಸುತ್ತಲಿನ ಮೂಳೆ ತಡೆಯುತ್ತದೆ, ಡಾರ್ಟ್ ನೇರ ಗುಡ್ಡೆಗೇ ತಾಗುತ್ತದೆ.

ಹಾಗಾಗಿ ಆಡುವವರಷ್ಟೇ ಅಲ್ಲ, ಆ ಕೋಣೆಯಲ್ಲಿರುವ ಎಲ್ಲರಿಗೂ ಪಾಲಿಕಾರ್ಬೊನೇಟ್ ಸುರಕ್ಷತಾ ಕನ್ನಡಕ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಡ್ಡಿಯ ಮೇಲೋ ಗಾಜಿನ ಮೂಲೆಯಲ್ಲೋ ಐಎಸ್ 5983, ಇಎನ್ 166 ಅಥವಾ ಝಡ್ 87 ಎಂಬ ಗುರುತು ನೋಡಿ. ಓದುವ ಕನ್ನಡಕ, ತಂಪು ಕನ್ನಡಕ ಇದರ ಬದಲಿಗೆ ಆಗುವುದಿಲ್ಲ. ಬದಿಯಿಂದ ಡಾರ್ಟ್ ನುಗ್ಗುತ್ತದೆ, ಗಾಜು ಒಡೆಯಲೂಬಹುದು. ಪವರ್ ಕನ್ನಡಕ ಹಾಕುವವರು ಅದರ ಮೇಲೆ ಕೂರುವ ಅಗಲದ್ದು ತೆಗೆದುಕೊಳ್ಳಿ. ಮಕ್ಕಳಿಗೆ ಹಿಂದೆ ಎಲಾಸ್ಟಿಕ್ ಪಟ್ಟಿ ಇರುವುದೇ ಆಗಬೇಕು. ಕಡ್ಡಿಯದ್ದು ಎರಡು ನಿಮಿಷಕ್ಕೆ ಜಾರಿ ಹಣೆಗೆ ಏರಿರುತ್ತದೆ. ಸೆಕೆಗೆ ಮಂಜು ಕಟ್ಟುತ್ತದೆ, ಒರೆಸಿಕೊಳ್ಳಲು ಯಾರಾದರೂ ಕನ್ನಡಕ ತೆಗೆದರೆ "ಸ್ಟಾಪ್" ಎಂದು ಕೂಗಿ ಎಲ್ಲರೂ ಮೂತಿ ಕೆಳಗೆ ಮಾಡಬೇಕು.

ನಿಯಮ ಎರಡು ಸಾಕು. ಕುತ್ತಿಗೆಯಿಂದ ಮೇಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ, ಹೊಡೆದವರೇ ಔಟ್. ಎರಡು ಮೀಟರಿಗಿಂತ ಹತ್ತಿರ ಹೋದರೆ ಹೊಡೆಯುವಂತಿಲ್ಲ, "ಸಿಕ್ಕಿಬಿದ್ದೆ" ಎಂದರೆ ಮುಗಿಯಿತು.

ಆಟಕ್ಕೆ ಮೊದಲು

1. ಫ್ಯಾನ್ ಆಫ್ ಮಾಡಿ. ತಿರುಗುವ ರೆಕ್ಕೆಗೆ ಬಿದ್ದ ಡಾರ್ಟ್ ಯಾವ ಕಡೆ ಹಾರುತ್ತದೆಂದು ಹೇಳಲಾಗದು.
2. ದೇವರ ಕೋಣೆಯ ಬಾಗಿಲು ಹಾಕಿ. ದೀಪಕ್ಕೆ ಬಿದ್ದ ಫೋಮ್ ಹತ್ತಿಕೊಂಡು ಕರಗಿ ಅಂಟುತ್ತದೆ. ಅಡುಗೆಮನೆಯೂ ಗಡಿಯ ಹೊರಗೆ.
3. ಟಿವಿಗೆ ದಪ್ಪ ಬೆಡ್‌ಶೀಟ್ ಇಳಿಬಿಡಿ, ಗಾಜಿನ ಸಾಮಾನು ತೆಗೆದಿಡಿ.
4. ಪ್ರತಿ ಬ್ಲಾಸ್ಟರಿನಿಂದ ಐದು ಡಾರ್ಟನ್ನು ಮೂರು ಮೀಟರ್ ದೂರದ ರಟ್ಟಿನ ಡಬ್ಬಿಗೆ ಹೊಡೆದು ನೋಡಿ. ರಟ್ಟಿಗೆ ತಗ್ಗು ಬಿದ್ದರೆ ಅದು ಮಕ್ಕಳ ದರ್ಜೆಯದ್ದಲ್ಲ. ಆಮೇಲೆ ದೊಡ್ಡವರೊಬ್ಬರು ತಮ್ಮ ತೊಡೆಗೆ ಅಷ್ಟೇ ದೂರದಿಂದ ಒಂದು ಹೊಡೆಸಿಕೊಳ್ಳಲಿ. ಚುರುಕ್ ಎಂದರೆ ಆವತ್ತು ಅದು ಆಟಕ್ಕಿಲ್ಲ.
5. ಡಾರ್ಟ್ ಎಣಿಸಿ ಬರೆದಿಡಿ. ಮುಗಿದ ಮೇಲೆ ಮತ್ತೆ ಎಣಿಸಿ. ನಾಯಿ ಇರುವ ಮನೆಯಲ್ಲಿ ಇದನ್ನು ಬಿಡಬೇಡಿ, ಅಗಿದು ನುಂಗಿದ ಫೋಮ್ ಕರುಳಿನಲ್ಲಿ ನಿಲ್ಲುತ್ತದೆ.

ಸಿಕ್ಕಿಕೊಂಡರೆ, ಕೈಕೊಟ್ಟರೆ

ಮ್ಯಾಗಜಿನ್ ಬ್ಲಾಸ್ಟರ್ ಸಿಕ್ಕಿಕೊಳ್ಳುವುದಕ್ಕೆ ಹತ್ತರಲ್ಲಿ ಏಳೆಂಟು ಸಲ ಕಾರಣ ಅರ್ಧ ಎಳೆತ. ಹಿಡಿ ಪೂರ್ತಿ ಹಿಂದೆ ಹೋಗದೆ ಮುಂದೆ ಬಂದರೆ ಸ್ಪ್ರಿಂಗ್ ಕೊಂಡಿಗೆ ಸಿಕ್ಕಿರುವುದಿಲ್ಲ, ಆದರೆ ಮ್ಯಾಗಜಿನ್ನಿನಿಂದ ಇನ್ನೊಂದು ಡಾರ್ಟ್ ಒಳಗೆ ನುಗ್ಗಿರುತ್ತದೆ. ಎರಡು ಡಾರ್ಟ್ ಒಂದೇ ನಳಿಕೆಯಲ್ಲಿ. ಬಲವಂತ ಮಾಡಿ ಎಳೆದರೆ ಫೋಮ್ ಮಡಚಿಕೊಂಡು ಇನ್ನೂ ಬಿಗಿಯುತ್ತದೆ. ಮೂತಿ ನೆಲದ ಕಡೆ ಹಿಡಿದು ಮ್ಯಾಗಜಿನ್ ತೆಗೆಯಿರಿ, ಹಿಡಿಯನ್ನು ಪೂರ್ತಿ ಹಿಂದೆ ಎಳೆದು ಹಾಗೇ ಹಿಡಿಯಿರಿ, ಬದಿಯ ಸಣ್ಣ ಬಾಗಿಲು ತೆರೆದು ಡಾರ್ಟನ್ನು ಬೆರಳಿನಿಂದ ತೆಗೆಯಿರಿ. ಮುಂದಿನಿಂದ ಕಡ್ಡಿ ತುರುಕುವುದು, ಒಳಗೆ ಇಣುಕಿ ನೋಡುವುದು ಎರಡೂ ಬೇಡ. ಮಗುವಿಗೆ "ಪೂರ್ತಿ ಹಿಂದೆ, ಪೂರ್ತಿ ಮುಂದೆ" ಎಂದು ಅಭ್ಯಾಸ ಮಾಡಿಸಿದರೆ ಈ ತೊಂದರೆ ಬಹುತೇಕ ಹೋಗುತ್ತದೆ.

ಫ್ಲೈವೀಲಿನಲ್ಲಿ ಅವಸರವೇ ಶತ್ರು. ಮೊದಲ ಗುಂಡಿ ಒತ್ತಿ ಚಕ್ರ ಪೂರ್ತಿ ವೇಗಕ್ಕೆ ಬರಲು ಒಂದು ಸೆಕೆಂಡು ಬೇಕು, ಸದ್ದು ಏರಿ ಒಂದೇ ಸಮ ಆಗುವವರೆಗೆ. ಅದಕ್ಕೆ ಮೊದಲೇ ಟ್ರಿಗರ್ ಒತ್ತಿದರೆ ಡಾರ್ಟ್ ಚಕ್ರಗಳ ನಡುವೆ ನಿಂತುಬಿಡುತ್ತದೆ, ಮೋಟಾರ್ ತಿರುಗಲಾಗದೆ ಬಿಸಿಯಾಗುತ್ತದೆ. ಕೂಡಲೇ ಕೈ ತೆಗೆಯಿರಿ. ಚಕ್ರ ತಿರುಗುತ್ತಿದ್ದೂ ಡಾರ್ಟ್ ಎರಡು ಮೀಟರಿಗೆ ಬಿದ್ದರೆ ಬಹುಮಟ್ಟಿಗೆ ಸೆಲ್ ಮುಗಿಯುತ್ತ ಬಂದಿದೆ. ನರ್ಫ್ ಸ್ಟ್ರೈಫ್‌ನಂಥ ನಾಲ್ಕು ಎಎ ಸೆಲ್ಲಿನ ಬ್ಲಾಸ್ಟರಿಗೆ ಆಲ್ಕಲೈನ್ ಹಾಕಿದರೆ 6 ವೋಲ್ಟ್, ಚಾರ್ಜ್ ಮಾಡುವ ನಿಕೆಲ್ ಸೆಲ್ ಹಾಕಿದರೆ 4.8. ಲೇಬಲ್ಲಿನ ಮೇಲೆ ಕಡಿಮೆ ಕಂಡರೂ ನಿಕೆಲ್ ಸೆಲ್ಲಿನ ವೋಲ್ಟ್ ಮೋಟಾರಿನ ಭಾರಕ್ಕೆ ಅಷ್ಟಾಗಿ ಕುಸಿಯುವುದಿಲ್ಲ, ದಿನಾ ಆಡುವವರಿಗೆ ಅದೇ ಲಾಭ. ಎಎ ಗಾತ್ರದ್ದೇ ಆದ 3.7 ವೋಲ್ಟಿನ ಲಿಥಿಯಂ ಸೆಲ್ ಮಾತ್ರ ಹಾಕಬೇಡಿ, ನಾಲ್ಕು ಸೇರಿ 15 ವೋಲ್ಟ್ ಸಮೀಪ ಹೋಗಿ ಮೋಟಾರ್ ಸುಟ್ಟುಹೋಗುತ್ತದೆ. ರಜೆ ಮುಗಿದ ಮೇಲೆ ಸೆಲ್ ತೆಗೆದಿಡಿ. ಮರೆತರೆ ಸೋರಿ ತಗಡು ಹಸಿರು ಹಿಡಿಯುತ್ತದೆ.

ಡಾರ್ಟ್ ಹಾಕದೆ ಖಾಲಿ ಹೊಡೆಯುವುದು ಮಕ್ಕಳಿಗೆ ಬಲು ಇಷ್ಟ. ಡಾರ್ಟಿನ ತಡೆ ಇಲ್ಲದೆ ಪಿಸ್ಟನ್ ಮುಂದಿನ ಪ್ಲಾಸ್ಟಿಕ್ಕಿಗೆ ಪೂರ್ತಿ ಜೋರಿನಲ್ಲಿ ಬಡಿಯುತ್ತದೆ, ಕೆಲ ತಿಂಗಳಲ್ಲಿ ಬಿರುಕು. ಎಳೆದಿಟ್ಟ ಸ್ಥಿತಿಯಲ್ಲಿ ಬ್ಲಾಸ್ಟರ್ ಎತ್ತಿಡುವುದೂ ಅಷ್ಟೇ ಕೆಟ್ಟದ್ದು, ಸ್ಪ್ರಿಂಗ್ ಸಡಿಲವಾಗುತ್ತದೆ, ಮತ್ತೆ ಕೈಗೆತ್ತಿಕೊಂಡವರಿಗೆ ಅದು ತಯಾರಿದೆ ಎಂದು ಗೊತ್ತಿರುವುದಿಲ್ಲ.

ಸ್ಪ್ರಿಂಗ್ ಸರಿಯಿದ್ದೂ ಡಾರ್ಟ್ ಪುಸ್ಸೆಂದು ಬಿದ್ದರೆ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಉಂಗುರ ಒಣಗಿದೆ, ಗಾಳಿ ಸೋರುತ್ತಿದೆ. ಹಿಡಿ ಎಳೆದಾಗ ಕಾಣುವ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿ ಹತ್ತಿಪ್ಪತ್ತು ಸಲ ನಿಧಾನಕ್ಕೆ ಆಡಿಸಿ. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಬೇಡ, ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಧೂಳು ಹಿಡಿದು ಜಿಡ್ಡು ಕಟ್ಟುತ್ತದೆ.

ಡಾರ್ಟ್‌ಗಳನ್ನು ಬುಟ್ಟಿಯಲ್ಲಿ ಸಡಿಲವಾಗಿ ಇಡಿ, ಮ್ಯಾಗಜಿನ್ ಒಳಗೆ ತುಂಬಿ ತಿಂಗಳುಗಟ್ಟಲೆ ಬಿಟ್ಟರೆ ಫೋಮ್ ಅಪ್ಪಚ್ಚಿಯಾಗುತ್ತದೆ. ತಾರಸಿಯ ಬಿಸಿಲಿನಲ್ಲಿ, ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಹಾಗೇ ಮುಚ್ಚಿಟ್ಟರೆ ಬೂಷ್ಟು. ನೆರಳಿನಲ್ಲಿ ಹರವಿ ಎರಡು ದಿನ ಒಣಗಿಸಿ. ಮಡಚಿ ನೆಗ್ಗಿದ ಡಾರ್ಟನ್ನು ದೊಡ್ಡವರು ಇಕ್ಕಳದಲ್ಲಿ ಹಿಡಿದು ಕುದಿಯುವ ನೀರಿನ ಹಬೆಗೆ ಕೆಲವು ಸೆಕೆಂಡು ತೋರಿಸಿದರೆ ಫೋಮ್ ಉಬ್ಬಿ ಮೊದಲಿನ ಆಕಾರಕ್ಕೆ ಬಹುಮಟ್ಟಿಗೆ ಮರಳುತ್ತದೆ. ಸೀಳಿದ್ದು, ತುದಿ ಅಲ್ಲಾಡುವುದು ಮರಳುವುದಿಲ್ಲ, ಅಂಟು ಹಾಕಿ ಉಳಿಸಲೂ ಹೋಗಬೇಡಿ. ಒಣಗಿದ ಅಂಟು ಗಟ್ಟಿಯಾಗಿ, ಮೆತ್ತಗಿನ ತುದಿಯ ಹಿಂದೆಯೇ ಒಂದು ಕಲ್ಲು ಇಟ್ಟಂತಾಗುತ್ತದೆ. ಅಂಥವನ್ನು ಆವತ್ತೇ ಕಸಕ್ಕೆ ಹಾಕಿ, ಪಟ್ಟಿಯಲ್ಲಿ ಎಣಿಕೆ ತಿದ್ದಿ.